ಅಜ್ಜಿಯ ಮಾತು ಮೊಮ್ಮಕ್ಕಳಿಗೆ ತಿಳಿಯಲಿ

ಬೇಸಿಗೆ ಬಂತೆಂದರೆ ಊರಿನಿಂದ ಅಜ್ಜಿ-ತಾತ ಆಬರ್ನ್ ಹಿಲ್ಸ್‌ಗೆ ಬರುತ್ತಾರೆ. ಅಪ್ಪ-ಅಮ್ಮ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಅವರ ಜೊತೆಗಿರುವವರು ಮೊಮ್ಮಕ್ಕಳೇ. ಅಜ್ಜಿ "ಯಾಕೋ ಕೈಕಾಲು ನಡುಗ್ತಿದೆ, ತಲೆ ಸುತ್ತುತ್ತೆ ಕಂದಾ" ಎಂದರೆ ನಮ್ಮ ಮಕ್ಕಳಿಗೆ ಎಷ್ಟು ಅರ್ಥವಾದೀತು?

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ರಕ್ತದಲ್ಲಿನ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ನಡುಕ, ಬೆವರು, ತಲೆಸುತ್ತು ಅದರ ಲಕ್ಷಣಗಳು. ಆಗ ಅರ್ಧ ಕಪ್ ಹಣ್ಣಿನ ರಸ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ 911ಕ್ಕೆ ಫೋನ್ ಮಾಡಬೇಕು.

ಆಸ್ಪತ್ರೆಯಲ್ಲಾದರೆ ದುಭಾಷಿಯನ್ನು ಕೇಳಬಹುದು. ಮನೆಯಲ್ಲಿ ಮೊಮ್ಮಗುವೇ ದುಭಾಷಿ. ನಾವು ಶಿಕ್ಷಕರು ಹಣ್ಣು, ಹೂವು, ಬಣ್ಣಗಳ ಹೆಸರು ಕಲಿಸುತ್ತೇವೆ, ಸಂತೋಷ. ಎದೆಯುರಿ ಬೇರೆ, ಎದೆನೋವು ಬೇರೆ, ಜೋಮು ಬೇರೆ ಎಂಬುದನ್ನೂ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಪೋಷಕರೇ, ಈ ವಾರ ಊರಿಗೆ ಫೋನ್ ಮಾಡಿದಾಗ "ಅಜ್ಜಿ, ಊಟ ಆಯ್ತಾ? ಮಾತ್ರೆ ತಗೊಂಡ್ರಾ?" ಎಂದು ನಿಮ್ಮ ಮಗುವೇ ಕೇಳಲಿ. ಪಾಠ ಅಲ್ಲಿಂದಲೇ ಶುರುವಾಗಲಿ.