ವಿಹಾರದ ಎರಡು ಅರ್ಥಗಳು

ರಜೆಯ ದಿನ ಮುಂಜಾನೆ ಮಂಗಳೂರಿನಿಂದ ಹೊರಟು, ಗಡಾಯಿಕಲ್ಲನ್ನೋ ಕುದುರೆಮುಖವನ್ನೋ ಏರಿ, ರಾತ್ರಿಗೆ ಮರಳುವ ದಂಪತಿಗಳು ಈಗ ಅನೇಕರು. ಕನ್ನಡ ಕಾವ್ಯಕ್ಕೆ ಈ ಹವ್ಯಾಸ ಅಪರಿಚಿತವಲ್ಲ. ಚಂಪೂಗಳ ಅಷ್ಟಾದಶವರ್ಣನೆಗಳಲ್ಲಿ ಪರ್ವತವೂ ಉದ್ಯಾನಕ್ರೀಡೆಯೂ ಸೇರಿವೆ. ನಲ್ಲನಲ್ಲೆಯರು ವನವಿಹಾರದಲ್ಲಿ ಹೂ ಕೊಯ್ಯುವುದು ಅಲ್ಲಿ ಸಹಜ.

ಆದರೆ ಆ ಚಂಪೂಗಳನ್ನು ಬೆಳೆಸಿದ ಪಂಪ, ಪೊನ್ನ, ರನ್ನರ ಜೈನ ಪರಂಪರೆಯಲ್ಲಿ ‘ವಿಹಾರ’ಕ್ಕೆ ಇನ್ನೊಂದು ಅರ್ಥವಿದೆ: ಮುನಿಗಳ ಕಾಲ್ನಡಿಗೆಯ ಸಂಚಾರ. ಅದು ಚಾತುರ್ಮಾಸ್ಯದಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ ಹೆಜ್ಜೆಯೂ ಹಿಂಸೆಯಾದೀತೆಂಬ ಎಚ್ಚರ ಇದಕ್ಕೆ ಕಾರಣ.

ಇಂದಿನ ಚಾರಣದ ಕ್ರಮ ಇದಕ್ಕೆ ವಿರುದ್ಧ. ಮುಂಗಾರಿನ ಹಸುರನ್ನು ಕಾಣಲೆಂದೇ ಜನ ಬೆಟ್ಟಗಳಿಗೆ ಮುಗಿಬೀಳುತ್ತಾರೆ. ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಹುಲ್ಲುಗಾವಲಿನ ನೆನೆದ ಮಣ್ಣು ತುಳಿತಕ್ಕೆ ಸಡಿಲಗೊಂಡು ಕೊಚ್ಚಿಹೋಗುತ್ತದೆ. ಕಪ್ಪೆಗಳ ಸಂತಾನಕಾಲವೂ ಅದೇ. ಮಳೆಯ ಮಲೆಯನ್ನು ಕಾಣುವ ಆಸೆ ತಪ್ಪಲ್ಲ. ಆದರೆ ಆ ನಾಲ್ಕು ತಿಂಗಳು ಬೆಟ್ಟಕ್ಕೆ ಬಿಡುವು ಕೊಟ್ಟು, ನಗರದಂಚಿನ ಪಿಲಿಕುಳದ ಹಾದಿಗಳಲ್ಲೇ ನಡೆಯುವುದು ಹೆಚ್ಚು ವಿವೇಕದ್ದು. ಶೃಂಗಾರದ ವಿಹಾರವನ್ನು ಕಾವ್ಯದಿಂದ ಪಡೆದವರು ಸಂಯಮದ ವಿಹಾರವನ್ನೂ ಅದೇ ಪರಂಪರೆಯಿಂದ ಕಲಿಯಬೇಕು.