ಬಾಗಿಲಲ್ಲಿ ಕೂತವರು ಯಾವ ಲೆಕ್ಕಕ್ಕೆ?

ತಿಂಥಣಿಗೆ ರೈಲಿಲ್ಲ. ಕೃಷ್ಣಾ ನದಿ ಇದೆ, ಸೇತುವೆ ಇದೆ, ಮೌನೇಶ್ವರನ ಗುಡಿ ಇದೆ. ರೈಲು ಹತ್ತಬೇಕಂದ್ರೆ ಬಸ್ ಹಿಡಿದು ಯಾದಗಿರಿಗೆ ಹೋಗಬೇಕು, ಇಲ್ಲಾಂದ್ರೆ ರಾಯಚೂರಿಗೆ. ನಮ್ಮ ಬಳಗದಲ್ಲಿ ಸುರಪುರ ಸೀಮೆಯವರು ಕೆಲವರಿದ್ದೇವೆ. ಜಾತ್ರೆ ಮುಗಿಸಿ ಕಾಲೇಜಿಗೆ ವಾಪಸ್ ಬರುವಾಗ ಯಾದಗಿರಿ ಪ್ಲಾಟ್‌ಫಾರಂ ಮೇಲೆ ನಮ್ಮ ಜೊತೆ ನಿಂತಿರೋರು ಗುಳೆ ಹೊರಟವರು. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಮುಂಬೈ, ಪುಣೆ ಕಡೆಗೆ. ತಲೆ ಮೇಲೆ ಚೀಲ, ಕೈಯಲ್ಲಿ ಬುತ್ತಿಗಂಟು, ಕಂಕುಳಲ್ಲಿ ಕೂಸು. ರೈಲು ಬರುವ ಹೊತ್ತಿಗೆ ಜನರಲ್ ಬೋಗಿ ಹಿಂದಿನ ಸ್ಟೇಷನ್‌ಗಳಲ್ಲೇ ತುಂಬಿರುತ್ತೆ. ಹೆಂಗಸರು, ಮಕ್ಕಳು ಹೇಗೋ ಒಳಗೆ ನುಸುಳುತ್ತಾರೆ, ಗಂಡಸರು ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ನಾವೂ ಕೂತಿದ್ದೇವೆ. "ತಮ್ಮಾ, ಒಳಗ ಸರಿ, ನಿದ್ದಿ ಹತ್ತಿದ್ರ ಗೊತ್ತಾಗಂಗಿಲ್ಲ" ಅಂತ ಹಿರಿಯರೊಬ್ಬರು ಹೇಳಿದ್ದು ನೆನಪಿದೆ. ಸರಿಯೋಕೆ ಒಳಗೆ ಜಾಗ ಇರಲಿಲ್ಲ, ಅಷ್ಟೆ.

ಅಂಕಿಅಂಶದ ಪೇಪರ್‌ಗೆ ಒಂದು ಮಿನಿ ಪ್ರಾಜೆಕ್ಟ್ ಮಾಡಬೇಕಿತ್ತು. ರೈಲು ಅಪಘಾತ ಅಂತ ವಿಷಯ ಆರಿಸಿಕೊಂಡೆವು. ಮೊದಲ ದಿನವೇ ತಲೆ ಕೆಟ್ಟಿತು, ಯಾಕಂದ್ರೆ ಒಂದೇ ದೇಶದ ಎರಡು ಸರ್ಕಾರಿ ಲೆಕ್ಕಗಳು ಒಂದಕ್ಕೊಂದು ಹತ್ತಿರಕ್ಕೂ ಬರಲಿಲ್ಲ.

ರೈಲ್ವೆ ಸಚಿವಾಲಯದ ಲೆಕ್ಕ ನೋಡಿದ್ರೆ ಖುಷಿಯಾಗುತ್ತೆ. 2004ರಿಂದ 2014ರವರೆಗೆ ವರ್ಷಕ್ಕೆ ಸರಾಸರಿ 171 ಗಂಭೀರ ಅಪಘಾತ. 2014–15ರಲ್ಲಿ 135. 2023–24ರಲ್ಲಿ 40, 2024–25ರಲ್ಲಿ 31. ಈ ಇಳಿಕೆ ಸುಳ್ಳಲ್ಲ, ಅದರ ಹಿಂದೆ ಹಳಿ ಬದಲಾವಣೆ, ಹೊಸ ಸಿಗ್ನಲ್, ಎಲ್‌ಎಚ್‌ಬಿ ಬೋಗಿ ಎಲ್ಲಾ ಇದೆ. ರಾತ್ರಿಯೆಲ್ಲಾ ಹಳಿ ಮೇಲೆ ನಡೆದು ತಪಾಸಣೆ ಮಾಡೋ ಟ್ರ್ಯಾಕ್‌ಮ್ಯಾನ್‌ಗಳ ಬೆವರೂ ಇದೆ.

ಈಗ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದ್ರೆ ಎನ್‌ಸಿಆರ್‌ಬಿ ಲೆಕ್ಕ ನೋಡಿ. 2021ರಲ್ಲಿ 17,993 ರೈಲು ಅಪಘಾತ, 16,431 ಸಾವು. ಆ ಅವಧಿಗೆ ರೈಲ್ವೆಯ ಪಟ್ಟಿ ಐವತ್ತನ್ನೂ ಮುಟ್ಟಿಲ್ಲ. ಒಂದು ಕ್ಯಾಲೆಂಡರ್ ವರ್ಷ, ಇನ್ನೊಂದು ಹಣಕಾಸು ವರ್ಷ ಅನ್ನೋದು ನಿಜ, ಆದರೆ ಮೂರು ತಿಂಗಳ ಹಿಂದುಮುಂದಿನಿಂದ ಇಷ್ಟು ವ್ಯತ್ಯಾಸ ಬರಲ್ಲ.

ವ್ಯತ್ಯಾಸ ಇರೋದು ವ್ಯಾಖ್ಯೆಯಲ್ಲಿ. ರೈಲ್ವೆ ಪಟ್ಟಿಗೆ ಸೇರೋದು ರೈಲಿಗೆ ಆದ ಅಪಘಾತ: ಡಿಕ್ಕಿ, ಹಳಿ ತಪ್ಪುವುದು, ಬೆಂಕಿ, ಲೆವೆಲ್ ಕ್ರಾಸಿಂಗ್, ಇತರೆ. ಅದರಲ್ಲೂ ಜೀವಹಾನಿ, ಗಾಯ, ಆಸ್ತಿ ನಷ್ಟ ಅಥವಾ ಸಂಚಾರ ಸ್ಥಗಿತ ಒಂದು ಮಟ್ಟ ಮೀರಿರಬೇಕು. ಎನ್‌ಸಿಆರ್‌ಬಿ ಪಟ್ಟಿಗೆ ಪೊಲೀಸ್ ಠಾಣೆಗಳಿಂದ ಬರೋದು ಮನುಷ್ಯರಿಗೆ ಆದ ಅಪಘಾತ. 2021ರ ಆ 17,993ರಲ್ಲಿ 12,190, ಅಂದ್ರೆ ಮೂರರಲ್ಲಿ ಎರಡು ಪಾಲು, ರೈಲಿನಿಂದ ಬಿದ್ದವರು ಮತ್ತು ಹಳಿ ಮೇಲೆ ರೈಲಿಗೆ ಸಿಕ್ಕವರದ್ದು. ಬಾಗಿಲಲ್ಲಿ ಕೂತು ತೂಕಡಿಸಿ ಬಿದ್ದವರಿಂದ ರೈಲಿಗೇನೂ ಆಗಿರಲ್ಲ. ಅದು ಮುಂದಿನ ಸ್ಟೇಷನ್‌ಗೆ ಸರಿಯಾದ ಟೈಮಿಗೆ ಹೋಗಿರುತ್ತೆ.

ತಮಾಷೆ ಅಂದ್ರೆ ಕಾನೂನು ಈ ಭೇದ ಮಾಡಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬಿದ್ದರೆ ಅದೂ ಪರಿಹಾರಕ್ಕೆ ಅರ್ಹವಾದ ಘಟನೆ. 2017ರ ಜನವರಿಯಿಂದ ಸಾವಿಗೆ 8 ಲಕ್ಷ ರೂಪಾಯಿ, ಡಿಕ್ಕಿಯಲ್ಲಿ ಸತ್ತರೂ ಅಷ್ಟೇ, ಬಿದ್ದು ಸತ್ತರೂ ಅಷ್ಟೇ. ಶವದ ಬಳಿ ಟಿಕೆಟ್ ಸಿಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅವರು ಪ್ರಯಾಣಿಕರೇ ಅಲ್ಲ ಅನ್ನೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಹೇಳಿದೆ. ಬಿದ್ದವರ ನಿರ್ಲಕ್ಷ್ಯ ಅಂತ ತೋರಿಸಿ ಪರಿಹಾರ ತಪ್ಪಿಸುವ ಹಾಗೂ ಇಲ್ಲ. (ಇದು ಊರಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಗುಳೆ ಹೋಗೋರಿಗೆ ದಯವಿಟ್ಟು ಹೇಳಿ.) ಪರಿಹಾರಕ್ಕೆ ಸಮಾನವಾದ ಸಾವು ಸುರಕ್ಷತೆಯ ಪಟ್ಟಿಗೆ ಬರುವಾಗ ಮಾತ್ರ ಯಾಕೆ ಮಾಯವಾಗುತ್ತೆ ಅನ್ನೋದೇ ನಮ್ಮ ಪ್ರಶ್ನೆ.

"ಹಳಿ ದಾಟೋದು ಅವರದೇ ತಪ್ಪಲ್ವಾ, ಬಾಗಿಲಲ್ಲಿ ಯಾಕೆ ಕೂರಬೇಕು?" ಅಂತ ನಮ್ಮ ಕ್ಲಾಸಲ್ಲೇ ಒಬ್ಬರು ಕೇಳಿದರು. ಕಾಯ್ದೆ ಪ್ರಕಾರ ಎರಡೂ ಅಪರಾಧ, ಒಪ್ಪೋಣ. ಆದರೆ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸಮಿತಿ 2012ರಲ್ಲೇ ಹಳಿ ಮೇಲೆ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಿದ್ದಾರೆ, ಇದನ್ನು ನಾಗರಿಕ ಸಮಾಜ ಸಹಿಸಬಾರದು ಅಂತ ಬರೆದಿತ್ತು. ಅದನ್ನು ಬರೆದದ್ದು ಒಬ್ಬ ಅಣುವಿಜ್ಞಾನಿ ಮುಂದಾಳಾಗಿದ್ದ ತಾಂತ್ರಿಕ ಸಮಿತಿ. ಸಾವಿರಾರು ಜನ ವರ್ಷಾವರ್ಷ ಅದೇ ತಪ್ಪು ಮಾಡ್ತಿದ್ದರೆ ಡಿಸೈನ್ ನೋಡಬೇಕು ಅಂತ ನಮಗೆ ಮೂರನೇ ಸೆಮಿಸ್ಟರ್‌ನಲ್ಲೇ ಪಾಠ ಆಗುತ್ತೆ.

ಲೆಕ್ಕಕ್ಕೆ ಸೇರಿದ್ದು ಸರಿಯಾಗುತ್ತೆ ಅನ್ನೋದಕ್ಕೆ ರೈಲ್ವೆಯೇ ಸಾಕ್ಷಿ. ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ನಲ್ಲಿ ಆಗುತ್ತಿದ್ದ ಸಾವು ಗಂಭೀರ ಅಪಘಾತದ ಪಟ್ಟಿಯಲ್ಲಿತ್ತು. ಅಲ್ಲೂ "ನೋಡದೆ ದಾಟಿದ್ದು ಅವರದೇ ತಪ್ಪು" ಅನ್ನಬಹುದಿತ್ತು. 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತ ಮೇಲೆ ಕೆಲಸಕ್ಕೆ ವೇಗ ಬಂತು. 2019ರ ಜನವರಿ ಹೊತ್ತಿಗೆ ಬ್ರಾಡ್‌ಗೇಜ್‌ನಲ್ಲಿದ್ದ ಅಂಥ ಕ್ರಾಸಿಂಗ್ ಎಲ್ಲಾ ಮುಚ್ಚಿದರು, ಇಲ್ಲವೇ ಕಾವಲು ಹಾಕಿದರು. ಹಳಿ ತಪ್ಪುವುದರ ಬಗ್ಗೆಯೂ ಹಾಗೇ. 2017–18ರಿಂದ ನಾಲ್ಕು ವರ್ಷದ 217 ಗಂಭೀರ ಅಪಘಾತಗಳಲ್ಲಿ 163 ಹಳಿ ತಪ್ಪಿದ್ದು, ಹಳಿ ನಿರ್ವಹಣೆಯ ಕೊರತೆಯೇ ದೊಡ್ಡ ಕಾರಣ ಅಂತ ಸಿಎಜಿ 2022ರಲ್ಲಿ ಎಣಿಸಿ ತೋರಿಸಿತು. ಎಣಿಕೆ ಇದ್ದದ್ದಕ್ಕೇ ಆ ಪ್ರಶ್ನೆ ಕೇಳೋಕಾಯ್ತು.

ಎಣಿಕೆಗೆ ಸಿಗದ ಇನ್ನೊಂದು ಜಾತಿ ಇದೆ: ಆಗದೇ ಹೋದ ಅಪಘಾತ. 2023ರ ಫೆಬ್ರವರಿ 8ರಂದು ನಮ್ಮ ರಾಜ್ಯದ ಹೊಸದುರ್ಗ ರೋಡ್ ಸ್ಟೇಷನ್‌ನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಒಂದು ದಾರಿ ತೋರಿಸಿತು, ಪಾಯಿಂಟ್ ಇನ್ನೊಂದು ದಾರಿಗೆ ತಿರುಗಿತ್ತು. ಲೋಕೋ ಪೈಲಟ್ ಗಮನಿಸಿ ಬ್ರೇಕ್ ಹಾಕಿದರು, ಯಾರಿಗೂ ಏನೂ ಆಗಲಿಲ್ಲ. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ ಅಂತ ಪತ್ರ ಬರೆದರು. ಜೂನ್ 2ಕ್ಕೆ ಒಡಿಶಾದ ಬಹನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೂ ಸಿಗ್ನಲ್ ಒಂದು, ಪಾಯಿಂಟ್ ಇನ್ನೊಂದು ಆಯ್ತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟ್ ಬದಲಾವಣೆಯಲ್ಲಿನ ಲೋಪ ಅಂತ ಸುರಕ್ಷತಾ ಆಯುಕ್ತರ ವರದಿ ಬಂತು. ಆ ವರ್ಷದ 40ರಲ್ಲಿ ಬಹನಗಾ ಒಂದು ಅಂಕೆ, ಹೊಸದುರ್ಗ ರೋಡ್ ಸೊನ್ನೆ.

ನಮ್ಮ ಯಾದಗಿರಿಯಲ್ಲಿ ನಿಲ್ಲೋ ಕರ್ನಾಟಕ ಎಕ್ಸ್‌ಪ್ರೆಸ್ 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಕನಿಷ್ಠ 12 ಜನರ ಮೇಲೆ ಹರಿಯಿತು. ಅವರು ಪುಷ್ಪಕ್ ಎಕ್ಸ್‌ಪ್ರೆಸ್‌ನಲ್ಲಿದ್ದವರು, ಬೆಂಕಿ ಅನ್ನೋ ಗಾಳಿಸುದ್ದಿ ಕೇಳಿ ಪಕ್ಕದ ಹಳಿಗೆ ಇಳಿದಿದ್ದರು. ಎರಡೂ ರೈಲು ಗಟ್ಟಿಯಾಗಿದ್ದವು, ಹಳಿ ಗಟ್ಟಿಯಾಗಿತ್ತು.

ಇದನ್ನೆಲ್ಲಾ ಈಗಲೇ ಬರೆಯೋಕೆ ಕಾರಣ ಇದೆ. ಗದಗ–ವಾಡಿ ಹೊಸ ಮಾರ್ಗ ಬರ್ತಿದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಮುಂದೆ ಅದು ಲಿಂಗಸುಗೂರು ದಾಟಿ, ಕೃಷ್ಣೆ ದಾಟಿ, ಸುರಪುರ, ಶಹಾಪುರಕ್ಕೆ ಬರಬೇಕು. ತಿಂಥಣಿ ಜನ ಯಾದಗಿರಿಗೆ ಅಲೆಯೋದು ತಪ್ಪುತ್ತೆ, ನಮಗೂ ಸಂತೋಷ. ಆದರೆ ಊರು ಹಳಿಯ ಆ ಕಡೆ, ಹೊಲ ಈ ಕಡೆ ಆಗುವ ಹಳ್ಳಿಗಳೂ ಇರುತ್ತವೆ. ಎರೆಭೂಮಿಯಲ್ಲಿ ತೋಡಿದ ಅಂಡರ್‌ಪಾಸ್‌ನಲ್ಲಿ ಮಳೆಗಾಲಕ್ಕೆ ಮೊಣಕಾಲುದ್ದ ನೀರು ನಿಂತರೆ ಎತ್ತು ಹೊಡಕೊಂಡು ಹೊರಟ ರೈತ ಹಳಿ ಹತ್ತದೆ ಇನ್ನೇನು ಮಾಡ್ತಾನೆ? ನೀರು ಹರಿದುಹೋಗುವ ಅಂಡರ್‌ಪಾಸ್, ಊರಿನ ಪಕ್ಕದಲ್ಲಿ ಬೇಲಿ, ಬೋಗಿಯ ಮಟ್ಟಕ್ಕೆ ಎತ್ತರಿಸಿದ ಪ್ಲಾಟ್‌ಫಾರಂ ಇವೆಲ್ಲ ಹಳಿ ಹಾಕುವಾಗಲೇ ಮಾಡಿದರೆ ಅಗ್ಗ, ಆಮೇಲೆ ದುಬಾರಿ.

ಅದರ ಜೊತೆಗೆ ನಾವು ಕೇಳೋದು ಒಂದು ಪುಟ. ಯಾವ ಸ್ಟೇಷನ್ ನಡುವೆ, ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ ಎಷ್ಟು ಜನ ಬಿದ್ದರು, ಎಷ್ಟು ಜನ ಹಳಿ ದಾಟುವಾಗ ಸತ್ತರು ಅನ್ನೋದು ರೈಲ್ವೆ ಪೊಲೀಸರ ರಿಜಿಸ್ಟರ್‌ನಲ್ಲಿ ಈಗಾಗಲೇ ಇದೆ. ಅದನ್ನು ರೈಲ್ವೆ ತನ್ನ ವಾರ್ಷಿಕ ಸುರಕ್ಷತಾ ಪಟ್ಟಿಯ ಪಕ್ಕದಲ್ಲೇ ಪ್ರಕಟಿಸಲಿ, 31ರ ಪಕ್ಕದಲ್ಲಿ ಇನ್ನೊಂದು ಕಾಲಂ. ಯಾದಗಿರಿ–ರಾಯಚೂರು ನಡುವಿನ ಅಂಥ ಪಟ್ಟಿಗಾಗಿ ನಾವು ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟಿದ್ದೇವೆ. ಈ ವಾರ ಪೋಸ್ಟ್ ಮಾಡ್ತೀವಿ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಹಾಗೇ ಹಾಕ್ತೀವಿ.