ಒಂದೇ ಡ್ರಮ್ಮಿಗೆ ಎರಡು ಮದ್ದು

ಮಳೆಗಾಲದಲ್ಲಿ ತುಳುನಾಡಿನ ಮಿಜಾರಿನ ಕಡೆ ಅಡಿಕೆಗೆ ಮದ್ದು ಬಿಡುವವರಿಗೆ ಒಂದು ಲೆಕ್ಕ ಬಾಯಿಪಾಠ. ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರು. ಹೇಗೂ ಮರ ಹತ್ತುತ್ತಾರಲ್ಲ, ಹುಳದ ಮದ್ದನ್ನೂ ಅದೇ ಡ್ರಮ್ಮಿಗೆ ಸುರಿದರೆ ಒಂದು ಕೂಲಿಯಲ್ಲಿ ಎರಡು ಕೆಲಸ ಎಂದು ಯಾರಿಗಾದರೂ ಅನ್ನಿಸೀತು. ಅನುಭವ ಇದ್ದವರು ಸುರಿಯುವುದಿಲ್ಲ. ಸುಣ್ಣದ ಕ್ಷಾರದಲ್ಲಿ ಹಲವು ಕೀಟನಾಶಕಗಳು ಒಡೆದು ಸತ್ವ ಕಳೆದುಕೊಳ್ಳುತ್ತವೆ.

ತೋಟದಲ್ಲಿ ಇಷ್ಟು ಎಚ್ಚರ ಇರುವ ಮನೆಯಲ್ಲೇ ಕಂಪ್ಯೂಟರಿನ ವಿಷಯಕ್ಕೆ ಬಂದರೆ ಡ್ರಮ್ಮಿಗೆ ಏನು ಬೇಕಾದರೂ ಬೀಳುತ್ತದೆ.

ಹೀಗೊಂದು ಮನೆ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಕೊಳ್ಳುವಾಗಲೇ ಅದರೊಳಗೆ ಯಾವುದೋ ಕಂಪನಿಯ ಮೂವತ್ತು ದಿನದ ಟ್ರಯಲ್ ಆಂಟಿವೈರಸ್ ಇತ್ತು. ಅಂಗಡಿಯವರು ಒಂದು ವರ್ಷದ ಇನ್ನೊಂದನ್ನು ಮಾರಿ ಹಾಕಿಕೊಟ್ಟರು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸಿನ ಜೊತೆಗೇ ಬರುತ್ತದೆ. ಅಲ್ಲಿಗೆ ಮೂರಾಯಿತು, ಮನೆಯವರಿಗೆ ಲೆಕ್ಕವೇ ಇಲ್ಲ. ಕಾಲೇಜಿಗೆ ಹೋಗುವ ಮಗ ಪೆನ್‌ಡ್ರೈವಿನಲ್ಲಿ ವೈರಸ್ ತಂದದ್ದಕ್ಕೆ ನಾಲ್ಕನೆಯದನ್ನು ಪುಕ್ಕಟೆಗೆ ಇಳಿಸಿದ.

ಪೆನ್‌ಡ್ರೈವಿನ ಭಯ ಸುಳ್ಳಲ್ಲ. ಬಡಗಮಿಜಾರಿನಲ್ಲಿ 2007ರಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜು, ಮರುವರ್ಷ ಮಿಜಾರಿನಲ್ಲೇ ಆಳ್ವಾಸ್ ಶಿಕ್ಷಣ ಸಂಸ್ಥೆಯವರ ಇನ್ನೊಂದು ಶುರುವಾದವು. ಕಾಲೇಜು ಇದ್ದಲ್ಲಿ ಜೆರಾಕ್ಸ್ ಅಂಗಡಿ, ಜೆರಾಕ್ಸ್ ಅಂಗಡಿ ಇದ್ದಲ್ಲಿ ಕೈಯಿಂದ ಕೈಗೆ ಪೆನ್‌ಡ್ರೈವ್. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಕಂಪ್ಯೂಟರ್ ವರ್ಮ್ ಹರಡಿದ ದಾರಿಗಳಲ್ಲಿ ಪೆನ್‌ಡ್ರೈವಿನ ಆಟೋರನ್ ಕೂಡ ಒಂದು, ಚುಚ್ಚಿದರೆ ಸಾಕಿತ್ತು. ಆದ್ದರಿಂದ ಕಾವಲು ಬೇಕು ಎಂಬುದರಲ್ಲಿ ತಕರಾರಿಲ್ಲ. ಒಂದೇ ಬಾಗಿಲಿಗೆ ಎಷ್ಟು ಜನ ಎಂಬುದೇ ಪ್ರಶ್ನೆ.

ಆ ಬಾಗಿಲು ಹೇಗಿದೆ ಎಂದು ನೋಡಿದರೆ ವಿಷಯ ತಿಳಿಯಾಗುತ್ತದೆ. ವಿಂಡೋಸಿನಲ್ಲಿ ಒಂದು ಕಡತದ ಮೇಲೆ ಕ್ಲಿಕ್ ಮಾಡಿದರೆ ಆ ಕೋರಿಕೆ ನೇರ ಡಿಸ್ಕಿಗೆ ಹೋಗುವುದಿಲ್ಲ. ನಡುವೆ ಫಿಲ್ಟರ್ ಎಂಬ ಚೆಕ್‌ಪೋಸ್ಟುಗಳಿವೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಗೊತ್ತಾಗಲು ಮೈಕ್ರೋಸಾಫ್ಟ್ ಪ್ರತಿಯೊಂದಕ್ಕೂ ‘ಎತ್ತರ’ದ ಸಂಖ್ಯೆ ಕೊಡುತ್ತದೆ, ಆಂಟಿವೈರಸ್‌ಗಳ ಪಂಕ್ತಿ 3,20,000ದಿಂದ ಆರಂಭ. ಅಲ್ಲಿ ಇಬ್ಬರು ನಿಂತರೆ ಪ್ರತಿ ಕಡತಕ್ಕೂ ಎರಡು ತಪಾಸಣೆ. ಒಬ್ಬ ಪರೀಕ್ಷಿಸಲೆಂದು ತೆರೆದ ಕಡತವನ್ನೇ ಇನ್ನೊಬ್ಬ ‘ಯಾರೋ ತೆರೆದರು’ ಎಂದು ಹಿಡಿದುಕೊಳ್ಳಬಹುದು. ಮೊದಲನೆಯವನು ಅಳಿಸಲು ಹೊರಟರೆ ಕಡತ ಎರಡನೆಯವನ ಮುಷ್ಟಿಯಲ್ಲಿ. ಪರದೆಯ ಮೇಲೆ ಕಾಣುವುದು ಸುತ್ತುತ್ತಲೇ ಇರುವ ನೀಲಿ ಬಳೆ ಮಾತ್ರ. ಮನೆಯವರು ಬೈಯುವುದು ಲ್ಯಾಪ್‌ಟಾಪಿಗೆ.

ಈ ಜಗಳ ಹಳೆಯದು. ಐಬಿಎಂ ಪಿಸಿಗೆ ತಗಲಿದ ಮೊದಲ ವೈರಸ್ ಎನ್ನುವ ‘ಬ್ರೇನ್’ 1986ರಲ್ಲಿ ಲಾಹೋರಿನಿಂದ ಫ್ಲಾಪಿ ಏರಿ ಹೊರಟಿತು. ಅದರ ಹಿಂದೆಯೇ ಬಂದ ಡಾಸ್ ಕಾಲದ ಆಂಟಿವೈರಸ್‌ಗಳು ವೈರಸ್ಸಿನ ಗುರುತುಗಳ ಪಟ್ಟಿ ಇಟ್ಟುಕೊಂಡು ಹುಡುಕುತ್ತಿದ್ದವು. ಕೆಲವು ಕೆಲಸ ಮುಗಿದ ಮೇಲೂ ಆ ಪಟ್ಟಿಯನ್ನು ಮೆಮೊರಿಯಲ್ಲಿ ಹಾಗೇ ಬಿಟ್ಟು ಹೋಗುತ್ತಿದ್ದವು. ಬಳಿಕ ಬಂದ ಇನ್ನೊಂದು ಅದನ್ನು ಕಂಡು ‘ಮೆಮೊರಿಯಲ್ಲಿ ವೈರಸ್’ ಎಂದು ಬೊಬ್ಬೆ ಹಾಕುತ್ತಿತ್ತು. ಪರಿಣತರು ಈ ಸುಳ್ಳು ಎಚ್ಚರಿಕೆಗೆ ಭೂತದ ಹೆಸರಿಟ್ಟರು. (ತುಳುನಾಡಿನಲ್ಲಿ ಭೂತಕ್ಕೆ ಕೋಲ ಇದೆ, ಮರ್ಯಾದೆ ಇದೆ, ಇದನ್ನು ಪೀಡೆ ಎಂದಿದ್ದರೆ ಸಾಕಿತ್ತು.)

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತೊಡಕು. ‘ನುಡಿ’, ‘ಬರಹ’ದಂಥ ತಂತ್ರಾಂಶಗಳು ಕೀಲಿಮಣೆಯ ಒತ್ತನ್ನು ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರ ಮಾಡಿ ಮುಂದೆ ಕಳಿಸುತ್ತವೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಒತ್ತನ್ನು ಹಿಡಿಯುವುದು ಅದೇ ನಡುದಾರಿಯಲ್ಲೇ. ನಡವಳಿಕೆ ನೋಡಿ ಅನುಮಾನಿಸುವ ಕಾವಲುಗಾರರು ಇಬ್ಬರಿದ್ದರೆ ‘ಇದು ನಮ್ಮದೇ ಜನ’ ಎಂದು ಎರಡು ಕಡೆ ಹೇಳಬೇಕಾಗುತ್ತದೆ.

ವಿಂಡೋಸಿಗೆ ಈ ಗೊಂದಲ ಗೊತ್ತಿದೆ. ಬೇರೆ ಆಂಟಿವೈರಸ್ ಬಂದು ತನ್ನ ಹೆಸರು ನೋಂದಾಯಿಸಿದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಬೇಕಿದ್ದರೆ ಆಗಾಗ ಬಂದು ಒಂದು ಸುತ್ತು ನೋಡಿ ಹೋಗುವ ಸೌಲಭ್ಯವನ್ನೂ 2016ರಲ್ಲಿ ವಿಂಡೋಸ್ 10ಕ್ಕೆ ಕೊಟ್ಟರು. ಹೊರಗಿನಿಂದ ತಂದ ಎರಡರ ನಡುವೆ ಮಾತ್ರ ಇಂಥ ಸೌಜನ್ಯವನ್ನು ನಂಬಿ ಕೂರುವಂತಿಲ್ಲ.

ಹಾಗೆಂದು ಎರಡನೆಯ ಅಭಿಪ್ರಾಯವೇ ಬೇಡ ಎಂದಲ್ಲ. ಸದಾ ಬಾಗಿಲಲ್ಲಿ ಕೂರುವುದು ಬೇರೆ, ಕರೆದಾಗ ಬಂದು ನೋಡಿ ಹೋಗುವುದು ಬೇರೆ. ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರ ಫೆಬ್ರವರಿಯಲ್ಲಿ ಶುರುವಾಯಿತು, ಹೀಗೆ ಒಮ್ಮೆ ಓಡಿಸಿ ಬಿಡಬಹುದಾದ ಉಚಿತ ಸಾಧನಗಳನ್ನು ಅದು ಕೊಡುತ್ತದೆ. ಅವುಗಳಲ್ಲಿ ಪುಣೆಯ ಕ್ವಿಕ್ ಹೀಲ್ ಕಂಪನಿಯದ್ದೂ ಇದೆ. ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಶ್ ಕಾಟ್ಕರ್ ಮತ್ತು ತಮ್ಮ ಸಂಜಯ್ ಕಟ್ಟಿದ ಕಂಪನಿ ಅದು. ಒಂದೇ ಕಡತದ ಬಗ್ಗೆ ಸಂಶಯವಿದ್ದರೆ ವೈರಸ್‌ಟೋಟಲ್ ಇದೆ. ಅಲ್ಲಿ ಎಪ್ಪತ್ತರಷ್ಟು ಆಂಟಿವೈರಸ್‌ಗಳು ಆ ಕಡತ ನೋಡಿ ಅಭಿಪ್ರಾಯ ಹೇಳುತ್ತವೆ, ಎಲ್ಲವೂ ನಿಮ್ಮ ಲ್ಯಾಪ್‌ಟಾಪಿನ ಹೊರಗೆ. ಆದರೆ ಅಲ್ಲಿ ಹಾಕಿದ ಕಡತ ಬೇರೆಯವರ ಕೈಗೂ ಸಿಗುತ್ತದೆ. ಆಧಾರ್ ಪ್ರತಿ, ಬ್ಯಾಂಕಿನ ಕಾಗದ ಅಲ್ಲಿಗೆ ಹೋಗಬಾರದು.

ಕಾವಲುಗಾರನಿಗೆ ಮನೆಯ ಎಲ್ಲ ಕೋಣೆಯ ಕೀಲಿಕೈ ಕೊಟ್ಟಿರುತ್ತೇವೆ ಎಂಬುದೂ ನೆನಪಿರಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ಕುಳಿತವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ವೈರಸ್ ಮಾಡಿದ್ದಲ್ಲ, ಕಾವಲು ಮಾಡಿದ್ದು. ಅದು ದೊಡ್ಡ ಸಂಸ್ಥೆಗಳ ಸರಕು, ಮನೆಯದ್ದಲ್ಲ. ಆದರೂ ಕೀಲಿಕೈ ಇದ್ದವರು ಹೆಚ್ಚಾದಷ್ಟು ಎಡವಟ್ಟಿನ ದಾರಿಯೂ ಹೆಚ್ಚು.

ಮೇಲೆ ಹೇಳಿದ ಮನೆಯಲ್ಲಿ ಮಗ ಕೊನೆಗೆ ಕಂಟ್ರೋಲ್ ಪ್ಯಾನೆಲ್ ತೆರೆದು ಕೂತರೆ ಅಪ್ಪನ ಮೊದಲ ಮಾತು ಊಹಿಸಬಹುದು: “ದುಡ್ಡು ಕೊಟ್ಟದ್ದನ್ನು ತೆಗೆಯುವುದಾ ಮಾರಾಯ?” ತೆಗೆಯಬೇಕಾಗಿಲ್ಲ. ಲೈಸೆನ್ಸ್ ಇರುವಷ್ಟು ದಿನ ಅದೇ ಇರಲಿ. ಹೋಗಬೇಕಾದ್ದು ಅವಧಿ ಮುಗಿದ ಟ್ರಯಲ್ ಮತ್ತು ಪುಕ್ಕಟೆಯದ್ದು. ಅನ್‌ಇನ್‌ಸ್ಟಾಲ್ ಮಾಡಿದರೂ ಇಂಥವುಗಳ ಬೇರು ಉಳಿಯುವುದುಂಟು. ಅದನ್ನು ಕೀಳಲು ಹಲವು ಕಂಪನಿಗಳು ಬೇರೆಯೇ ಸಾಧನ ಕೊಡುತ್ತವೆ. ರೀಸ್ಟಾರ್ಟ್ ಮಾಡಿ ವಿಂಡೋಸ್ ಸೆಕ್ಯುರಿಟಿಯ ಪುಟ ತೆರೆದರೆ ಆಂಟಿವೈರಸ್ ಎಂಬಲ್ಲಿ ಚಾಲೂ ಇರುವ ಹೆಸರು ಒಂದೇ ಕಾಣಬೇಕು. ಡಿಫೆಂಡರ್ ಅಲ್ಲೇ ಹಿಂದೆ ಸುಮ್ಮನೆ ಇರುತ್ತದೆ, ಲೈಸೆನ್ಸ್ ಮುಗಿದ ಮೇಲೆ ಅಂಗಡಿಯಲ್ಲಿ ಕೊಂಡದ್ದನ್ನೂ ತೆಗೆದರೆ ತಾನಾಗಿ ಎದ್ದು ಬರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಅಪ್ಪನಿಗೆ ಬಹುಶಃ ಇದೇ ಹೆಚ್ಚು ಸಿಟ್ಟು ತರಿಸುವ ಸಂಗತಿ.